ಓದಿದ್ದು ಎಲ್ಲಿ ಹೋಯಿತು?

ಪರೀಕ್ಷಾ ಕೊಠಡಿಯಲ್ಲಿ ಎಷ್ಟು ತಡಕಿದರೂ ಸಿಗದ ಉತ್ತರ, ಪತ್ರಿಕೆ ಒಪ್ಪಿಸಿ ಮೆಟ್ಟಿಲಿಳಿಯುವಾಗ ತಾನಾಗಿ ನೆನಪಾಗುತ್ತದೆ. ಮನೆಯಲ್ಲಿ ಹೇಳಿದರೆ ‘ಸರಿಯಾಗಿ ಓದಿರಲಿಲ್ಲ’ ಎಂಬ ಬೈಗುಳ. ಬೇಕಾದ ಹೊತ್ತಿಗೆ ಮಂತ್ರ ಮರೆಯಲೆಂದು ಕರ್ಣನಿಗೆ ಪರಶುರಾಮನ ಶಾಪವಿತ್ತು. ಈ ಮಕ್ಕಳಿಗೆ ಯಾರ ಶಾಪ?

ಅಮೆರಿಕದ ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ನೀರಿನ ತೊಟ್ಟಿಯಲ್ಲಿ ಮರೆಯಾಗಿದ್ದ ಕಟ್ಟೆಯ ಜಾಗವನ್ನು ಇಲಿಗಳು ಮೊದಲೇ ಕಲಿತಿದ್ದವು. ಅವುಗಳ ಕಾಲಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು 2 ನಿಮಿಷಕ್ಕೆ ಪರೀಕ್ಷಿಸಿದಾಗ ಜಾಗ ನೆನಪಿತ್ತು. 4 ಗಂಟೆಯ ನಂತರವೂ ನೆನಪಿತ್ತು. ಅರ್ಧ ಗಂಟೆಗೆ ಪರೀಕ್ಷಿಸಿದವು ಮಾತ್ರ ತಡವರಿಸಿದವು. ಅಂದರೆ ಕಲಿತದ್ದು ಅಳಿಸಿರಲಿಲ್ಲ, ಕೈಗೆ ಸಿಗುತ್ತಿರಲಿಲ್ಲ ಅಷ್ಟೆ.

ಗಾಬರಿಯಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಒತ್ತಡದ ಹಾರ್ಮೋನು ಹೊರಡುತ್ತದೆ. ಮನುಷ್ಯರಲ್ಲಿ ಅದು ಮುಖ್ಯವಾಗಿ ಕಾರ್ಟಿಸಾಲ್. ಏರಲು ಕೆಲವು ನಿಮಿಷ, ಇಳಿಯಲು ಇನ್ನಷ್ಟು ಹೊತ್ತು. ಏರಿದ ಹೊತ್ತಿನಲ್ಲಿ ಮೆದುಳಿನ ಹಿಪೊಕ್ಯಾಂಪಸ್ ಹಳೆಯ ನೆನಪನ್ನು ಹೊರತೆಗೆಯಲು ತಿಣುಕುತ್ತದೆ. ವಿಚಿತ್ರವೆಂದರೆ, ಅದೇ ಹಾರ್ಮೋನು ಭಯ ಹುಟ್ಟಿಸಿದ ಘಟನೆಯನ್ನು ಗಟ್ಟಿಯಾಗಿ ಅಚ್ಚೊತ್ತಲು ನೆರವಾಗುತ್ತದೆ. ಮೇಷ್ಟರ ಬೆತ್ತ ಮುಪ್ಪಿನವರೆಗೂ ನೆನಪಿದ್ದು, ಅಂದಿನ ಮಗ್ಗಿ ಮರೆತುಹೋಗುವುದು ಹೀಗೆ.

ಷಿಕಾಗೊದಲ್ಲಿ ರಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು ಪರೀಕ್ಷೆಗೆ ಮುನ್ನ 10 ನಿಮಿಷ ವಿದ್ಯಾರ್ಥಿಗಳಿಂದ ಅವರ ಭಯವನ್ನೇ ಬರೆಸಿದರು. ಹೆಚ್ಚು ಅಂಜುವವರ ಅಂಕಗಳು ಸುಧಾರಿಸಿದ್ದನ್ನು 2011ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಆ ಹತ್ತು ನಿಮಿಷ ಗೇಟಿನ ಬಳಿ ಗೈಡಿನ ಪುಟ ಮಗುಚುವುದಕ್ಕೇ ಸಾಲದು.