ಮನೆ ಬಾಡಿಗೆಗೆ ಕೊಡುವ ಮಾಲೀಕರು ತಿಳಿಸಬೇಕಾದ ಸಂಗತಿಗಳು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ವಾಸದ ಮನೆಯನ್ನು ಬಾಡಿಗೆಗೆ ಅಥವಾ ಭೋಗ್ಯಕ್ಕೆ ಪಡೆಯುವ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಣೆ ನೀಡಲಾಗಿದೆ.

ಮನೆಯ ಬಳಕೆಗೆ ಬಾಧಕವಾಗುವ ಮುಖ್ಯ ನ್ಯೂನತೆಯೊಂದು ಮಾಲೀಕರಿಗೆ ಗೊತ್ತಿದ್ದು, ಬಾಡಿಗೆದಾರರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯುವಂತಿಲ್ಲದಿದ್ದರೆ, ಅದನ್ನು ಮಾಲೀಕರು ತಿಳಿಸತಕ್ಕದ್ದು. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 108ನೇ ಪ್ರಕರಣ ಹೀಗೆ ವಿಧಿಸುತ್ತದೆ. ಆದರೆ ಕರಾರಿನಲ್ಲಿ ಅಥವಾ ಸ್ಥಳೀಯ ರೂಢಿಯಲ್ಲಿ ವ್ಯತಿರಿಕ್ತ ಷರತ್ತಿದ್ದಲ್ಲಿ ಈ ನಿಯಮ ಅನ್ವಯಿಸದು. ಆದ್ದರಿಂದ ಕರಾರನ್ನು ಓದದೆ ಸಹಿ ಮಾಡಬಾರದು.

ಒಡೆದ ಕಿಟಕಿ ಯಾರ ಕಣ್ಣಿಗೂ ಬೀಳುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿದಾಗ ನೀರು ನುಗ್ಗುವ ಮನೆಯಾದರೋ ಬೇಸಿಗೆಯಲ್ಲಿ ನೋಡಿದವರಿಗೆ ಸುಸ್ಥಿತಿಯಲ್ಲಿಯೇ ಕಾಣುತ್ತದೆ. ಜಗಳೂರಿನಲ್ಲಿ ಬೇಸಿಗೆಗೆ ಬತ್ತುವ ಕೊಳವೆಬಾವಿಯೂ ಮಳೆಗಾಲದಲ್ಲಿ ನೀರು ಕೊಡುತ್ತಿರಬಹುದು. ಇಂತಹವನ್ನು ಮೊದಲೇ ಕೇಳಿ, ಉತ್ತರವನ್ನು ಕರಾರು ಪತ್ರದಲ್ಲಿ ಬರೆಸಿಕೊಳ್ಳುವುದು. ಬಾಯಿಮಾತು ಮುಂದೆ ಸಾಬೀತಾಗುವುದು ಕಷ್ಟ.

ಹಳೆಯ ತೆರಿಗೆ, ವಿದ್ಯುತ್ ಬಾಕಿಗಳನ್ನೂ ವಿಚಾರಿಸತಕ್ಕದ್ದು. ಮಾಲೀಕರು ಕಟ್ಟಬೇಕಾದ ಬಾಕಿ ಬಾಡಿಗೆದಾರರಿಂದ ಅಥವಾ ಸ್ವತ್ತಿನಿಂದ ವಸೂಲಾಗುವಂತಿದ್ದು, ಅವರು ಕಟ್ಟದಿದ್ದಲ್ಲಿ, ಬಾಡಿಗೆದಾರರು ತಾವೇ ಕಟ್ಟಿ ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಲು ಇದೇ ಪ್ರಕರಣದಲ್ಲಿ ಅವಕಾಶವಿದೆ. ರಸೀದಿಯನ್ನು ಜೋಪಾನವಾಗಿಡಬೇಕು.

ಭೋಗ್ಯಕ್ಕೆ ದೊಡ್ಡ ಮೊತ್ತ ಕೊಡುವವರು ಮನೆಯ ಮೇಲೆ ಸಾಲವಿದೆಯೇ ಎಂಬುದನ್ನು ಮಾಲೀಕರಿಂದ ಲಿಖಿತವಾಗಿ ಪಡೆಯುವುದು ಅಗತ್ಯ. ಸಾಲಕ್ಕಾಗಿ ಮನೆ ಹರಾಜಾದರೆ ಕೊಟ್ಟ ಹಣ ಹಿಂಪಡೆಯುವುದು ದುಸ್ತರ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆದು ಪರಿಶೀಲಿಸಬಹುದು. ನೋಂದಣಿಯಾಗದ ಸಾಲ ಅದರಲ್ಲಿ ಕಾಣದು.

ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆ ಕರಾರನ್ನು 107ನೇ ಪ್ರಕರಣದಂತೆ ನೋಂದಾಯಿಸತಕ್ಕದ್ದು.