ಹುಳುಮನೆಯ ಚಳಿಗಾಲ

ಧನುರ್ಮಾಸ ಬಂತೆಂದರೆ ಬೆಸಗರಹಳ್ಳಿಯಲ್ಲಿ ಮನುಷ್ಯರು ಚಳಿಗೆಂದು ಮಾಡಿಕೊಳ್ಳುವ ಸಿದ್ಧತೆ ಅಷ್ಟಕ್ಕಷ್ಟೆ. ಪೆಟ್ಟಿಗೆಯಿಂದ ಕಂಬಳಿ ಹೊರಬರುತ್ತದೆ, ಹಂಡೆಯ ಒಲೆಗೆ ಎರಡು ಸೌದೆ ಹೆಚ್ಚಿಗೆ ಬೀಳುತ್ತದೆ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಚಳಿಗಾಗಿ ನಿಜವಾಗಿ ಅಣಿಯಾಗಬೇಕಾದ್ದು ರೇಷ್ಮೆಯ ಹುಳುಮನೆ.

ನಮ್ಮ ಮೈ ಒಳಗಿನಿಂದಲೇ ಶಾಖ ಹುಟ್ಟಿಸಿಕೊಂಡು 37 ಡಿಗ್ರಿಯಲ್ಲಿ ನಿಲ್ಲುತ್ತದೆ. ಹುಳುವಿಗೆ ಆ ಅನುಕೂಲ ಇಲ್ಲ. ಕೋಣೆ ಎಷ್ಟು ಬೆಚ್ಚಗಿದೆಯೋ ಅದೂ ಅಷ್ಟೇ. ತಣ್ಣಗಾದರೆ ತಿನ್ನುವುದು, ಅರಗಿಸಿಕೊಳ್ಳುವುದು, ಪೊರೆ ಬಿಡುವುದು ಎಲ್ಲವೂ ನಿಧಾನ. ಬೆಳೆ ದಿನಗಟ್ಟಲೆ ಜಗ್ಗುತ್ತದೆ, ಸೊಪ್ಪಿನ ಖರ್ಚು ಏರುತ್ತದೆ. ಅದಕ್ಕಿಂತ ದೊಡ್ಡ ತಲೆನೋವೆಂದರೆ, ಒಂದೇ ದಿನ ಜ್ವರಕ್ಕೆ (ಪೊರೆ ಬಿಡುವ ನಿದ್ದೆಗೆ) ಕೂರಬೇಕಾದ ಹುಳುಗಳು ಹಿಂದುಮುಂದಾಗುತ್ತವೆ. ಅರ್ಧ ಮಲಗಿರುತ್ತವೆ, ಇನ್ನರ್ಧ ಸೊಪ್ಪು ಕೇಳುತ್ತವೆ. ನೂರು ಚಿಟ್ಟೆಗಳ ಮೊಟ್ಟೆ ತಂದವನ ಮುಂದೆ ನಲವತ್ತು ಸಾವಿರಕ್ಕೂ ಹೆಚ್ಚು ಹುಳು ಇರುತ್ತದೆ. ಯಾವುದಕ್ಕೆ ಹಾಕುವುದು, ಯಾವುದಕ್ಕೆ ಬಿಡುವುದು?

ಚಾಕಿ ಹುಳುವಿಗೆ, ಎಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಬೇಕು, ಕೊನೆಯ ಹಂತದಲ್ಲಿ 24 ಸಾಕು. ಈಗ ಬಹಳ ಮಂದಿ ಎರಡನೇ ಜ್ವರ ಎದ್ದ ಹುಳುವನ್ನು ಚಾಕಿ ಕೇಂದ್ರದಿಂದಲೇ ತರುವುದರಿಂದ ಅತಿ ನಾಜೂಕಿನ ದಿನಗಳು ರೈತನ ತಲೆಮೇಲಿಲ್ಲ. ಆದರೂ ಬೆಳಗಿನ ಜಾವದ ಚಳಿ ಉಳಿದೇ ಇದೆ. ಈ ತಿಂಗಳುಗಳಲ್ಲಿ ಗಾಳಿ ಒಣಗಿ ಆಕಾಶ ತೆರವಾಗಿರುತ್ತದೆ. ಹಗಲು ಕಾದ ಚಾವಣಿ ತನ್ನ ಶಾಖವನ್ನು ಅಡೆತಡೆಯಿಲ್ಲದೆ ಮೇಲಕ್ಕೆ ಸೂಸಿಬಿಡುತ್ತದೆ. ಇದರಲ್ಲಿ ಸಿಮೆಂಟು ಶೀಟಿನದು ಎಲ್ಲಕ್ಕಿಂತ ಕೆಟ್ಟ ಪಾತ್ರ. ತೆಳ್ಳಗಿರುವುದರಿಂದ ಬೇಗ ತಣ್ಣಗಾಗುತ್ತದೆ, ಒಳಗಿನ ಹಬೆ ಅದಕ್ಕೆ ತಗುಲಿ ನೀರಾಗಿ ಹುಳುವಿನ ಮೇಲೇ ತೊಟ್ಟಿಕ್ಕುತ್ತದೆ. ಬೇಸಿಗೆಗೆಂದು ಶೀಟಿನ ಮೇಲೆ ಹೊದಿಸಿದ ತೆಂಗಿನಗರಿಯನ್ನು ಚಳಿ ಬಂತೆಂದು ಕಿತ್ತುಹಾಕುವುದು ಜಾಣತನವಲ್ಲ. ಹಗಲು ಬಿಸಿಲನ್ನು ತಡೆಯುವ ಗರಿ ರಾತ್ರಿ ಶಾಖವನ್ನೂ ತಡೆಯುತ್ತದೆ.

ಕಿಟಕಿಗೆ ಗೋಣಿತಾಟು ಕಟ್ಟಿ, ಒಳಗೆ ಬೆಂಕಿ ಇಟ್ಟರೆ ಆಯಿತಲ್ಲ ಎನ್ನಬಹುದು. ಶಾಖ ಬರುವುದೇನೋ ನಿಜ, ತೊಂದರೆ ಇರುವುದು ತೇವದಲ್ಲಿ. 15 ಡಿಗ್ರಿಯ ಇಬ್ಬನಿ ಗಾಳಿಯಲ್ಲಿ ತೇವಾಂಶ ಶೇ. 90 ಇದೆ ಎಂದುಕೊಳ್ಳಿ. ಒಂದು ಘನ ಮೀಟರಿನಲ್ಲಿರುವ ನೀರು ಸುಮಾರು ಹನ್ನೊಂದೂವರೆ ಗ್ರಾಂ. ಅದೇ ಗಾಳಿಯನ್ನು 27 ಡಿಗ್ರಿಗೆ ಕಾಯಿಸಿದರೆ ನೀರು ಅಷ್ಟೇ ಇರುತ್ತದೆ, ಆದರೆ ಗಾಳಿ ಈಗ 25 ಗ್ರಾಂಗೂ ಹೆಚ್ಚು ಹಿಡಿಯಬಲ್ಲದು. ತೇವಾಂಶ ಶೇ. 45ರ ಸುತ್ತಮುತ್ತ ಇಳಿಯಿತು. ಚಾಕಿಗೆ ಬೇಕಾದ್ದು 85–90! ಇಂಥ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ನೋಡನೋಡುತ್ತ ಬಾಡುತ್ತದೆ. ಹುಳು ನೀರು ಕುಡಿಯುವುದಿಲ್ಲ, ಸೊಪ್ಪಿನಲ್ಲಿದ್ದಷ್ಟೇ ಅದರ ಪಾಲು. ಹಾಗಾಗಿಯೇ ಒಲೆಯ ಮೇಲೆ ನೀರಿನ ಪಾತ್ರೆ, ಗೋಡೆಗೆ ಒದ್ದೆ ಗೋಣಿ, ಚಾಕಿ ತಟ್ಟೆಗೆ ಮೇಣದ ಕಾಗದದ ಮುಚ್ಚಳ. ಗೋಡೆಗೆ ಒಣ ಮತ್ತು ಒದ್ದೆ ಬಲ್ಬಿನ ತಾಪಮಾಪಕ ತೂಗುಹಾಕಿದರೆ ಊಹೆಯ ಕೆಲಸ ತಪ್ಪುತ್ತದೆ.

ಇದ್ದಿಲನ್ನು ಹೊರಗೆ ಹೊತ್ತಿಸಿ, ಹೊಗೆ ಪೂರ್ತಿ ಅಡಗಿ ಕೆಂಡವಾದ ಮೇಲೆ ಒಳಗೆ ತರುವುದು ರೂಢಿ. ಒಳ್ಳೆಯ ರೂಢಿಯೇ, ಆದರೆ ಹೊಗೆ ಇಲ್ಲವೆಂದರೆ ವಿಷ ಇಲ್ಲವೆಂದಲ್ಲ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ರಾತ್ರಿ ಸೊಪ್ಪು ಹಾಕಿ ಹುಳುಮನೆಯಲ್ಲೇ ಮಲಗುವವರು ಕೆಂಡವನ್ನು ಹೊರಗಿಟ್ಟು ಮಲಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇಷ್ಟು ಮಾಡಿದರೂ ಸುಣ್ಣಕಟ್ಟು ಕಾಯುತ್ತಿರುತ್ತದೆ. ಸತ್ತ ಹುಳು ಗಟ್ಟಿಯಾಗಿ, ಬೆಳ್ಳಗೆ ಸುಣ್ಣದ ಕಡ್ಡಿಯಾಗುವ ಈ ರೋಗ ಶಿಲೀಂಧ್ರದಿಂದ ಬರುತ್ತದೆಂದು 1835ರಲ್ಲಿ ಪ್ರಕಟಿಸಿದವನು ಇಟಲಿಯ ಅಗೊಸ್ಟಿನೊ ಬಾಸ್ಸಿ. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದೆಂದು ತೋರಿಸಿದವರಲ್ಲಿ ಅವನೇ ಮೊದಲಿಗ. ರೋಗಾಣುಗಳ ವಿಷಯದಲ್ಲಿ ಮುಂದೆ ಹೆಸರಾದ ಪಾಶ್ಚರ್‌ಗೆ ಆಗ ಇನ್ನೂ ಹನ್ನೆರಡು ವರ್ಷ. ಈ ಶಿಲೀಂಧ್ರಕ್ಕೆ ತಣ್ಣನೆಯ, ಒದ್ದೆಯ ಹಾಸು ಇಷ್ಟ. ಆದ್ದರಿಂದ ಬೆಳೆಗೆ ಮೊದಲೇ ಗೋಡೆ, ನೆಲ, ತಟ್ಟೆಗಳಿಗೆ ಶೇ. 2ರ ಬ್ಲೀಚಿಂಗ್ ಪುಡಿಯನ್ನು ಶೇ. 0.3ರ ಸುಣ್ಣದ ತಿಳಿಯಲ್ಲಿ ಕಲಸಿ ಸಿಂಪಡಿಸುತ್ತಾರೆ. ಹುಳು ಜ್ವರಕ್ಕೆ ಕೂತಾಗ ಅರಳಿದ ಸುಣ್ಣದ ಪುಡಿ ಧೂಳಿಸಿ ಹಾಸನ್ನು ಒಣಗಿಸುತ್ತಾರೆ. ತೇವ ಕೂಡಿಸಿದ ಕೈಯೇ ಈಗ ತೇವ ಕಳೆಯಬೇಕು.

ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಏರಿದ ಮೇಲಂತೂ ಲೆಕ್ಕ ಪೂರ್ತಿ ತಿರುಗುತ್ತದೆ. ಗೂಡು ಕಟ್ಟುವ ಮುನ್ನ ಹುಳು ಉಚ್ಚೆ ಹೊಯ್ಯುತ್ತದೆ. ಸಾವಿರಾರು ಹುಳು ಸೇರಿದರೆ ಕೋಣೆಯೆಲ್ಲ ಹಬೆ. ನೂಲಿಗೆ ಸವರಿದ ಸೆರಿಸಿನ್ ಎಂಬ ಅಂಟು ಆ ಹಬೆಯಲ್ಲಿ ಬೇಗ ಒಣಗದೆ, ಎಳೆಗೆ ಎಳೆ ಬಿಗಿಯಾಗಿ ಹತ್ತಿಕೊಳ್ಳುತ್ತದೆ. ಈ ಹಂತಕ್ಕೆ ಶಾಖ 24–25 ಡಿಗ್ರಿ, ತೇವಾಂಶ ಶೇ. 60–65, ಜೊತೆಗೆ ಗಾಳಿಯಾಟ. ಎಂದರೆ ಚಳಿಗೆ ಹೆದರಿ ಇಷ್ಟು ದಿನ ಮುಚ್ಚಿದ್ದ ಕಿಟಕಿಯನ್ನು ಬಿಸಿಲೇರಿದ ಮೇಲೆ ತೆರೆಯಲೇಬೇಕು. ತೆರೆಯದವರ ಗೂಡು ನೋಡಲು ಚೆನ್ನಾಗಿಯೇ ಇರಬಹುದು. ಬಿಚ್ಚಲು ಕೂತಾಗ ಎಳೆ ಹೆಜ್ಜೆಹೆಜ್ಜೆಗೂ ತುಂಡಾಗುತ್ತದೆ, ಮತ್ತು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಕೊಳ್ಳುವ ರೀಲರುಗಳಿಗೆ, ಎಂದರೆ ನೂಲು ಬಿಚ್ಚುವವರಿಗೆ, ಅಂಥ ಗೂಡನ್ನು ಕೈಯಲ್ಲಿ ಹಿಡಿದು ಗುರುತಿಸುವುದು ಗೊತ್ತು.