ಸ್ಟಾಲಿನ್‌ಗ್ರಾಡಿನ ಮಹತ್ತ್ವ

ಪ್ರಶ್ನೆ: ಒಂದು ನಗರದ ಸೋಲುಗೆಲವು ಎರಡನೆಯ ಮಹಾಯುದ್ಧದ ಗತಿಯನ್ನೇ ತಿರುಗಿಸಿತೆನ್ನುವುದು ಹೇಗೆ?

ಉತ್ತರ: 1942ರ ಬೇಸಗೆಯಲ್ಲಿ ಜರ್ಮನ್ ಸೇನೆ ದಕ್ಷಿಣ ರಷ್ಯಕ್ಕೆ ನುಗ್ಗಿದುದು ಮುಖ್ಯವಾಗಿ ಕಾಕಸಸ್ ಪ್ರಾಂತದ ತೈಲಕ್ಕಾಗಿ. ವೋಲ್ಗಾ ನದಿಯ ಪಶ್ಚಿಮ ದಡದುದ್ದಕ್ಕೂ ಚಾಚಿಕೊಂಡಿದ್ದ ಕಾರ್ಖಾನೆಗಳ ಈ ನಗರವನ್ನು ಹಿಡಿಯುವುದು ಮೊದಮೊದಲು ಗೌಣೋದ್ದೇಶವಾಗಿದ್ದರೂ, ಬರಬರುತ್ತ ಅದು ಹಿಟ್ಲರನ ಪ್ರತಿಷ್ಠೆಯ ಪ್ರಶ್ನೆಯಾಗಿ, ಜರ್ಮನರ ಆರನೆಯ ಸೇನೆಯ ಸಮಸ್ತ ಬಲವನ್ನೂ ತನ್ನೊಳಕ್ಕೆ ಸೆಳೆದುಕೊಂಡಿತು. ಆಗಸ್ಟ್ 23ರ ವಿಮಾನದಾಳಿಯಿಂದ ಊರು ಹಾಳಾಯಿತಾದರೂ ಆ ಭಗ್ನಾವಶೇಷಗಳೇ ರಕ್ಷಕರಿಗೆ ಕೋಟೆಯಾದುವು. ಬಾಂಬು ಹಾಕಿದರೆ ತಮ್ಮವರ ಮೇಲೂ ಬಿದ್ದೀತೆಂದು ಜರ್ಮನ್ ವೈಮಾನಿಕರು ಹಿಂಜರಿಯಲೆಂದು, ಸೋವಿಯತ್ ಸೇನಾನಿ ಚುಯ್ಕೋವ್ ತನ್ನ ಪಡೆಗಳನ್ನು ಶತ್ರುವಿನ ತೀರ ಸಮೀಪದಲ್ಲಿರಿಸಿದನು. ಒಂದೇ ಕಟ್ಟಡದ ಕೆಳಗೊಬ್ಬರು, ಮೇಲ್ಮಹಡಿಯಲ್ಲಿ ಮತ್ತೊಬ್ಬರು. ನಡುವಣ ಮೆಟ್ಟಿಲೇ ರಣರಂಗ.

ಆದರೆ ನಿರ್ಣಯವಾದುದು ಊರ ಹೊರಗಿನ ಬಯಲಿನಲ್ಲಿ. ನವೆಂಬರ್ 19ರಿಂದ ಸೋವಿಯತ್ ಪಡೆಗಳು, ಜರ್ಮನರ ಪಾರ್ಶ್ವಗಳನ್ನು ಕಾಯುತ್ತಿದ್ದ ರುಮೇನಿಯದ ದುರ್ಬಲ ಸೇನೆಗಳನ್ನು ಭೇದಿಸಿ, ನಾಲ್ಕೇ ದಿನಗಳಲ್ಲಿ ಕಲಾಚ್ ಎಂಬ ಊರಿನ ಬಳಿ ಸಂಧಿಸಿದುವು. ಜರ್ಮನ್ ಪಕ್ಷದ ಎರಡೂವರೆ ಲಕ್ಷದಷ್ಟು ಸೈನಿಕರು ಒಳಗೆ ಸಿಕ್ಕಿಬಿದ್ದರು. ವಿಮಾನಗಳಿಂದಲೇ ಅನ್ನ, ಮದ್ದುಗುಂಡು ಒದಗಿಸುವೆನೆಂದು ಜರ್ಮನ್ ವಾಯುಸೇನೆಯ ಮುಖ್ಯಸ್ಥ ಗೋರಿಂಗ್ ಕೊಟ್ಟ ಭಾಷೆ ಹುಸಿಯಾಯಿತು. ಹಸಿದವರು ತಮ್ಮ ಕುದುರೆಗಳನ್ನೇ ಕೊಂದು ತಿಂದರು. 1943ರ ಫೆಬ್ರವರಿ 2ರಂದು ಕೊನೆಯ ತುಕಡಿಗಳೂ ಶರಣಾದುವು. ಅದರ ಹಿಂದಿನ ಚಳಿಗಾಲದಲ್ಲಿ ಮಾಸ್ಕೋವಿನ ಮುಂದೆ ಜರ್ಮನರು ಹಿಮ್ಮೆಟ್ಟಿದ್ದರೇ ಹೊರತು ಇಂತಹ ಒಂದು ಸೇನೆಯನ್ನೇ ಕಳೆದುಕೊಂಡಿರಲಿಲ್ಲ. ನನ್ನ ದೃಷ್ಟಿಯಲ್ಲಿ ಭೇದವಿರುವುದು ಇಲ್ಲಿಯೇ. ಸೆರೆಸಿಕ್ಕ ಸುಮಾರು 91,000 ಮಂದಿಯಲ್ಲಿ ಮನೆಯ ಹೊಸ್ತಿಲನ್ನು ಮತ್ತೆ ತುಳಿದವರು ಐದಾರು ಸಾವಿರ ಮಾತ್ರ.